ಕೆಲಸ ಹೋದರೆ ಮಗುವಿನ ಜೀವನಾಂಶ ಏನಾಗುತ್ತೆ?

(ಜಯನಗರದ ಒಂದು ಗ್ರಂಥಾಲಯದ ಮಹಡಿಯಲ್ಲಿ, ಬೇರೆಯಾಗಿರುವ ತಂದೆ ತಾಯಂದಿರ ಮುಂದೆ ಒಂದು ಭಾನುವಾರ ಆಡಿದ ಮಾತುಗಳು. ಬರಹಕ್ಕೆ ಹೊಂದುವಂತೆ ಸ್ವಲ್ಪ ತಿದ್ದಿದ್ದೇನೆ. ಕೊನೆಯಲ್ಲಿ ಸಭಿಕರ ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನೀವು ರಜಾ ದಿನ ಬಿಟ್ಟು ಇಲ್ಲಿಗೆ ಬಂದಿರುವುದೂ ಅದಕ್ಕೇ. "ಕೆಲಸ ಹೋಯ್ತು ಮೇಡಂ. ಇನ್ನು ಮಗೂಗೆ ದುಡ್ಡು ಕೊಡ್ಬೇಕಾಗಿಲ್ಲ ಅಲ್ವಾ?" ಕೊಡಬೇಕು. ತಿಂಗಳಿಗೆ ಇಷ್ಟು ಎಂದು ಕೋರ್ಟು ಆದೇಶ ಮಾಡಿದ್ದರೆ, ಆ ಆದೇಶ ಬದಲಾಗುವವರೆಗೆ ಪ್ರತಿ ತಿಂಗಳೂ ಅಷ್ಟೂ ಲೆಕ್ಕಕ್ಕೆ ಬರುತ್ತದೆ. ಕಂಪನಿ ನಿಮ್ಮನ್ನು ತೆಗೆದ ವಿಷಯ ಕೋರ್ಟಿಗೆ ತಾನಾಗಿ ತಿಳಿಯುವುದಿಲ್ಲ. ತಿಳಿದರೂ ನೀವು ಕೇಳದೆ ಮೊತ್ತ ಇಳಿಯುವುದಿಲ್ಲ.

ಇದನ್ನು ಕೇಳಿ ಕೆಲವರಿಗೆ ಸಿಟ್ಟು ಬರುತ್ತದೆ. ಇನ್ನು ಕೆಲವರು "ಇಲ್ಲದ ದುಡ್ಡು ಎಲ್ಲಿಂದ ತರ್ತಾರೆ, ನೋಡೇಬಿಡೋಣ" ಎಂದು ಸುಮ್ನೆ ಕೂತುಬಿಡುತ್ತಾರೆ. ಇವತ್ತು ನಾನು ಹೇಳಬೇಕೆಂದಿರುವುದು ಈ ಸುಮ್ನೆ ಕೂರುವ ತಿಂಗಳುಗಳ ಬಗ್ಗೆಯೇ. ಕೆಲಸ ಹೋದದ್ದರಿಂದ ಮುಳುಗಿದವರನ್ನು ನಾನು ಕಡಿಮೆ ನೋಡಿದ್ದೇನೆ. ಆಮೇಲೆ ಏನೂ ಮಾಡದೆ ಕೂತು ಮುಳುಗಿದವರೇ ಜಾಸ್ತಿ.

ಒಂದು ಲೆಕ್ಕ ಹಾಕೋಣ. ಉದಾಹರಣೆಗೆ ಇಬ್ಬರು ಅಪ್ಪಂದಿರು. ಇಬ್ಬರಿಗೂ ಮಗುವಿಗೆ ತಿಂಗಳಿಗೆ 20,000 ರೂಪಾಯಿ ಕೊಡಬೇಕೆಂಬ ಆದೇಶವಿದೆ. ಇಬ್ಬರ ಕೆಲಸವೂ ಫೆಬ್ರವರಿ ಕೊನೆಗೆ ಹೋಯಿತು. ಮೊದಲನೆಯವರು ಮಾರ್ಚ್ ಮೊದಲ ವಾರದಲ್ಲೇ ಮೊತ್ತ ಇಳಿಸಲು ಅರ್ಜಿ ಹಾಕಿದರು. ಉಳಿತಾಯದಿಂದ ತಿಂಗಳಿಗೆ 7,000 ಕಳಿಸುತ್ತಾ ಬಂದರು. ಕೋರ್ಟು ಸೆಪ್ಟೆಂಬರಿನಲ್ಲಿ ಮೊತ್ತವನ್ನು 10,000ಕ್ಕೆ ಇಳಿಸಿ, ಅರ್ಜಿಯ ದಿನದಿಂದಲೇ ಅದು ಜಾರಿ ಎಂದಿತು. ಏಳು ತಿಂಗಳಿಗೆ ಕೊಡಬೇಕಾದದ್ದು 70,000, ಕೊಟ್ಟದ್ದು 49,000. ಬಾಕಿ 21,000.

ಎರಡನೆಯವರು ಹಣವನ್ನೂ ನಿಲ್ಲಿಸಿದರು, ಕೋರ್ಟಿನ ಕಡೆ ತಲೆಯನ್ನೂ ಹಾಕಲಿಲ್ಲ. ಸೆಪ್ಟೆಂಬರಿನಲ್ಲಿ ನೋಟಿಸ್ ಬಂದ ಮೇಲೆ ಎದ್ದುಬಿದ್ದು ಅರ್ಜಿ ಹಾಕಿದರು. ಅವರಿಗೂ 10,000ಕ್ಕೇ ಇಳಿಯಿತು ಅಂದುಕೊಳ್ಳಿ, ಅರ್ಜಿಯ ತಿಂಗಳಿಂದ. ಆದರೆ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಆರು ತಿಂಗಳು ಹಳೇ ದರವೇ. ಅದು 1,20,000. ಸೆಪ್ಟೆಂಬರಿನ ಹತ್ತು ಸಾವಿರ ಸೇರಿ 1,30,000. ಇಬ್ಬರದ್ದೂ ಒಂದೇ ಕಷ್ಟ, ಒಂದೇ ಸಂಬಳ, ಕೊನೆಗೆ ಒಂದೇ ಮೊತ್ತ. ವ್ಯತ್ಯಾಸ ಮಾಡಿದ್ದು ಅರ್ಜಿಯ ಮೇಲಿನ ತಾರೀಖು, ಜೊತೆಗೆ ತಿಂಗಳು ತಿಂಗಳು ಕಳಿಸಿದ ಏಳು ಸಾವಿರ. ಅರ್ಜಿಗಿಂತ ಹಿಂದಿನ ಬಾಕಿಯನ್ನು ಕೋರ್ಟುಗಳು ಸಾಮಾನ್ಯವಾಗಿ ಮನ್ನಾ ಮಾಡುವುದಿಲ್ಲ.

ಈಗ ಅರ್ಜಿ ಯಾವ ಕಾನೂನಿನಡಿ ಎಂಬ ವಿಷಯ. ಇದನ್ನು ಬೇಗ ಮುಗಿಸುತ್ತೇನೆ, ಸೆಕ್ಷನ್ ನಂಬರುಗಳಿಗೆ ನಿಮ್ಮ ವಕೀಲರಿದ್ದಾರೆ. ನಿಯಮ ಸರಳ. ಆದೇಶ ಯಾವ ಬಾಗಿಲಿಂದ ಬಂದಿತೋ ಬದಲಾವಣೆಯೂ ಅದೇ ಬಾಗಿಲಿಂದ. ನಮಗೆಲ್ಲ ಬಾಯಿಪಾಠವಾಗಿದ್ದ ಸಿಆರ್‌ಪಿಸಿ 125, ಅಂದರೆ ಹಳೇ ದಂಡ ಪ್ರಕ್ರಿಯಾ ಸಂಹಿತೆಯ ಜೀವನಾಂಶದ ಸೆಕ್ಷನ್, ಜುಲೈ 1, 2024ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 144 ಆಗಿದೆ. ಅದರಡಿ ಬಂದ ಆದೇಶ ಬದಲಿಸಲು ಹಳೇ 127ರ ಜಾಗದಲ್ಲಿ ಈಗ ಸೆಕ್ಷನ್ 146. ಇದು ಯಾವ ಧರ್ಮದವರಿಗಾದರೂ ಅನ್ವಯಿಸುತ್ತದೆ. ವಿಚ್ಛೇದನದ ಕೇಸಿನಲ್ಲಿ ಮಗುವಿಗೆಂದು ಆದ ಆದೇಶಕ್ಕೆ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 26. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿ ಆಗಿದ್ದರೆ ಅದರದೇ ಸೆಕ್ಷನ್ 25. ಕೌಟುಂಬಿಕ ಹಿಂಸೆ ಕಾಯ್ದೆಯಡಿ ಆಗಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅದರ ಸೆಕ್ಷನ್ 25. ಇವೆಲ್ಲದರ ಒಳಗೂ ಇರುವ ಮಾತು ಒಂದೇ: ಪರಿಸ್ಥಿತಿ ಬದಲಾಗಿದೆ, ಆದೇಶವನ್ನೂ ಬದಲಿಸಿ. ಮೊತ್ತ ಇಳಿಸಲು ಇರುವ ದಾರಿಯೇ ಏರಿಸಲೂ ಇರುವುದು. ಅಮ್ಮನ ಕೆಲಸ ಹೋದರೆ ಅವರು ಇದೇ ಬಾಗಿಲು ತಟ್ಟಬಹುದು.

ಬ್ರಿಟನ್ನಿನಲ್ಲಿ ಇದಕ್ಕೊಂದು ಸರ್ಕಾರಿ ವ್ಯವಸ್ಥೆಯೇ ಇದೆ. ವರಮಾನ ಶೇಕಡಾ 25ರಷ್ಟು ಬದಲಾದರೆ ಅವರು ಹೊಸ ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ ಅಂಥ ಸೂತ್ರವಿಲ್ಲ. ನ್ಯಾಯಾಧೀಶರು ಎರಡೂ ಕಡೆಯ ಕಾಗದ ನೋಡಿ ತೀರ್ಮಾನ ಮಾಡಬೇಕು. ಹಾಗಾಗಿ ನಮ್ಮಲ್ಲಿ ಕಾಗದಕ್ಕೆ ಬೆಲೆ ಜಾಸ್ತಿ.

ಇಲ್ಲೊಂದು ಕಹಿ ಸತ್ಯ ಹೇಳಬೇಕು. "ಕೆಲಸ ಹೋಯ್ತು" ಎಂಬ ಮಾತನ್ನು ಕೋರ್ಟು ಸುಲಭಕ್ಕೆ ನಂಬುವುದಿಲ್ಲ. 2015ರ ಶಮೀಮಾ ಫಾರೂಕಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕೆಲಸವಿಲ್ಲ, ವ್ಯಾಪಾರ ಸರಿಯಿಲ್ಲ ಎಂಬ ಬರೀ ಮಾತುಗಳನ್ನು ನೆಪ ಎಂದೇ ಕರೆಯಿತು. 2022ರ ಅಂಜು ಗರ್ಗ್ ಪ್ರಕರಣದಲ್ಲಿ ಗಂಡ ತನ್ನ ವ್ಯಾಪಾರ ಮುಚ್ಚಿಹೋಗಿದೆ ಎಂದ. ಗಟ್ಟಿಮುಟ್ಟಾಗಿರುವವನು ಮೈಮುರಿದು ದುಡಿದಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು ಕೋರ್ಟು ಹೇಳಿತು. ಮಗನಿಗೆ ಕೊಡುತ್ತಿದ್ದ 6,000ದ ಜೊತೆಗೆ ಹೆಂಡತಿಗೆ 10,000 ಕೊಡಲು ಆದೇಶವಾಯಿತು.

ಇದು ಅನ್ಯಾಯ ಎಂದು ನಿಮಗೆ ಅನಿಸಬಹುದು. ನನಗೆ ಪೂರ್ತಿ ಹಾಗೆ ಅನಿಸುವುದಿಲ್ಲ. ನಮ್ಮ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ, ಅಂದರೆ ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯವಿರುವ ಕಟ್ಟಡದಲ್ಲಿ, ಒಂದು ಬೆಳಗ್ಗೆ ಕೂತು ನೋಡಿ. ಕೇಸು ದಾಖಲಾದ ತಿಂಗಳೇ ರಾಜೀನಾಮೆ ಕೊಟ್ಟವರು ಸಿಗುತ್ತಾರೆ. ಅಣ್ಣನ ಅಂಗಡಿಯಲ್ಲಿ "ಸುಮ್ನೆ ಸಹಾಯಕ್ಕೆ" ಕೂತವರು ಸಿಗುತ್ತಾರೆ. ಕಾರನ್ನು ಅಮ್ಮನ ಹೆಸರಿಗೆ ಮಾಡಿದವರು ಸಿಗುತ್ತಾರೆ. ಇಂಥವರನ್ನು ನೋಡಿ ನೋಡಿ ನ್ಯಾಯಾಧೀಶರ ಕಣ್ಣು ಪಳಗಿರುತ್ತದೆ. ನಿಜವಾಗಿ ಕೆಲಸ ಕಳೆದುಕೊಂಡವರು ಆ ಸಾಲಿನಲ್ಲೇ ನಿಲ್ಲಬೇಕಾಗುತ್ತದೆ. ತಾನು ಆ ಪೈಕಿಯಲ್ಲ ಎಂದು ತೋರಿಸಿಕೊಡುವ ಹೊರೆ ಅವರದ್ದೇ.

ತೋರಿಸುವುದು ಹೇಗೆ? 2020ರ ನವೆಂಬರ್ 4ರಂದು ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಅಫಿಡವಿಟ್ಟಿನ ನಮೂನೆಯನ್ನೇ ಕೊಟ್ಟಿದೆ. ಎರಡೂ ಕಡೆಯವರು ಆಸ್ತಿ, ಸಾಲ, ವರಮಾನ, ಖರ್ಚು ಎಲ್ಲ ಬರೆದು ಪ್ರಮಾಣ ಮಾಡಬೇಕು. ಹೊಲ ಗದ್ದೆ ನಂಬಿದವರಿಗೆ ಬೇರೆ ನಮೂನೆ ಇದೆ. ಕೇಸು ನಡೆಯುವಾಗಲೇ ಹಣಕಾಸಿನ ಸ್ಥಿತಿ ಬದಲಾದರೆ ಪೂರಕ ಅಫಿಡವಿಟ್ ಹಾಕಬೇಕು. ಸುಳ್ಳು ಬರೆದರೆ ಬೇರೆಯದೇ ಕೇಸು. ಇದನ್ನು ಜನ ತುಂಬಿಸುವುದನ್ನು ನೋಡಿದರೆ ಅಳು ಬರುತ್ತದೆ. ಅರ್ಧ ಕಾಲಂಗಳಲ್ಲಿ ಒಂದು ಗೆರೆ, ಉಳಿದರ್ಧದಲ್ಲಿ "ಅನ್ವಯಿಸುವುದಿಲ್ಲ". ಖಾಲಿ ಬಿಟ್ಟ ಕಾಲಂ ಅಂದರೆ ಎದುರು ವಕೀಲರಿಗೆ ನೀವೇ ಬಡಿಸಿಟ್ಟ ಎಲೆ.

ಬ್ಯಾಂಕ್ ಸ್ಟೇಟ್‌ಮೆಂಟಿನ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಎರಡು ಸ್ಟೇಟ್‌ಮೆಂಟ್ ನನಗೆ ಚೆನ್ನಾಗಿ ನೆನಪಿವೆ. ಗುರುತು ಸಿಗದಂತೆ ಹೇಳುತ್ತೇನೆ. ಮೊದಲನೆಯದರಲ್ಲಿ ಸಂಬಳ ಬರುವುದು ನಿಂತಿತ್ತು, ನಿಜ. ಆದರೆ ಪ್ರತಿ ತಿಂಗಳ ಐದನೇ ತಾರೀಖಿನ ಹೊತ್ತಿಗೆ ತಮ್ಮನ ಖಾತೆಯಿಂದ ಒಂದೇ ಮೊತ್ತ ಬಂದು ಬೀಳುತ್ತಿತ್ತು. ನಂದಿ ಬೆಟ್ಟದ ಹತ್ತಿರದ ರೆಸಾರ್ಟಿಗೆ ಒಂದು ಶನಿವಾರ ಯುಪಿಐ ಆಗಿತ್ತು. ಎದುರು ವಕೀಲರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಸಾಲು ಸಾಲಾಗಿ ಓದಿಸಿದರು. "ಇದು ಯಾರು? ಇದು ಯಾಕೆ? ಈ ರಾತ್ರಿ ಊಟ ಎಷ್ಟು ಜನಕ್ಕೆ?" ಅಷ್ಟರಲ್ಲಿ ಕೆಲಸ ಹೋದ ನಿಜವೂ ಸುಳ್ಳಿನ ಹಾಗೆ ಕಾಣತೊಡಗಿತು.

ಎರಡನೆಯದರಲ್ಲಿ ಹೊರ ವರ್ತುಲ ರಸ್ತೆಯ ಟೆಕ್ ಪಾರ್ಕಿನಿಂದ ಹೊರಬಿದ್ದ ಒಬ್ಬರು. ಕಂಪನಿ ಕೊಟ್ಟ ಪತ್ರವಿತ್ತು. ಕೊನೆಯ ಲೆಕ್ಕ ಚುಕ್ತಾ ಮಾಡಿ ಬಂದ ಹಣ ಎಷ್ಟು, ಅದರಲ್ಲಿ ಮಗಳಿಗೆ ಹೋದದ್ದು ಎಷ್ಟು ಎಂಬುದು ಸ್ಟೇಟ್‌ಮೆಂಟಿನಲ್ಲೇ ಕಾಣುತ್ತಿತ್ತು. ಎರಡು ಬೆಡ್‌ರೂಮಿನ ಬಾಡಿಗೆ ನಿಂತು, ತುಮಕೂರಿನಿಂದ ರೈಲಿನ ಟಿಕೆಟ್‌ಗಳು ಶುರುವಾಗಿದ್ದವು, ಅಪ್ಪ ಅಮ್ಮನ ಮನೆಗೆ ಹೋಗಿದ್ದರು. ಜಿಮ್ ನಿಂತಿತ್ತು. ವಾರಕ್ಕೆರಡು ದಿನ ಟ್ಯೂಷನ್ ಹೇಳಿ ಬಂದ ಚಿಲ್ಲರೆ ಹಣವೂ ಇತ್ತು, ಅದನ್ನು ಅವರು ಮುಚ್ಚಿಡಲಿಲ್ಲ. ಯಾವ ಯಾವ ಕಂಪನಿಗೆ ಅರ್ಜಿ ಹಾಕಿದರು, ಎಲ್ಲಿಂದ ಇಲ್ಲ ಎಂಬ ಮೇಲ್ ಬಂತು, ಎಲ್ಲವನ್ನೂ ಮುದ್ರಿಸಿ ಹೊಲಿದು ತಂದಿದ್ದರು. ಯುಪಿಐ ಕಳಿಸುವಾಗ ಷರಾ ಜಾಗದಲ್ಲಿ ಪ್ರತಿ ಸಲ "ಜೂನ್ ಜೀವನಾಂಶ, ಭಾಗಶಃ" ಎಂದು ಬರೆದಿದ್ದರು. ಅಷ್ಟು ಚಿಕ್ಕ ಬರಹ ಎಷ್ಟು ಕೆಲಸ ಮಾಡುತ್ತದೆ ಗೊತ್ತಾ! ವಾದಕ್ಕೆ ಜಾಗವೇ ಉಳಿಯಲಿಲ್ಲ. ಮಾತು ನೇರವಾಗಿ "ಎಷ್ಟಕ್ಕೆ ಇಳಿಸೋಣ" ಎಂಬಲ್ಲಿಗೆ ಬಂತು.

ನಿಮ್ಮಲ್ಲಿ ಹಲವರು ಮನೆ ಸಾಲದ ಇಎಂಐ ಬಗ್ಗೆ ಕೇಳುತ್ತೀರಿ. ಸಾಲ ನೀವಾಗಿ ಮಾಡಿದ್ದು, ಮಗು ಅದಕ್ಕೆ ಸಹಿ ಹಾಕಿಲ್ಲ. ಇಎಂಐ ಕಟ್ಟಿ ಉಳಿದದ್ದರಲ್ಲಿ ಮಗುವಿಗೆ ಕೊಡುತ್ತೇನೆ ಎಂಬ ವಾದ ಸಾಮಾನ್ಯವಾಗಿ ನಿಲ್ಲುವುದಿಲ್ಲ. ನಾವಾಗಿ ಕೆಲಸ ಬಿಟ್ಟರೆ? ಆರೋಗ್ಯ, ಹೆತ್ತವರ ಕಾಯಿಲೆ, ಇಂಥ ಗಟ್ಟಿ ಕಾರಣವಿದ್ದರೆ ದಾಖಲೆ ಸಮೇತ ಹೇಳಿ. "ಸ್ಟಾರ್ಟಪ್ ಮಾಡೋಣ ಅಂತ ಬಿಟ್ಟೆ" ಎಂದರೆ ನಿಮ್ಮ ಓದು, ಅನುಭವ ನೋಡಿ ನೀವು ಎಷ್ಟು ದುಡಿಯಬಲ್ಲಿರಿ ಎಂದು ಕೋರ್ಟೇ ಅಂದಾಜು ಮಾಡುತ್ತದೆ. ಕನಸಿನ ಖರ್ಚನ್ನು ಮಗುವಿನ ತಟ್ಟೆಯಿಂದ ತೆಗೆಯಬೇಡಿ ಎಂಬುದು ನನ್ನ ಸ್ವಂತ ಅಭಿಪ್ರಾಯವೂ ಹೌದು.

ಬಾಕಿ ಬೆಳೆದರೆ ಏನಾಗುತ್ತದೆ? ಸೆಕ್ಷನ್ 144ರಡಿ ಅಮ್ಮ ಅರ್ಜಿ ಹಾಕಿದರೆ ಹಣ ವಸೂಲಿಗೆ ವಾರಂಟ್ ಹೊರಡುತ್ತದೆ. ನಮ್ಮ ಕೋರ್ಟಿನ ಕಾರಿಡಾರುಗಳಲ್ಲಿ ಅದನ್ನು ಎಫ್‌ಎಲ್‌ಡಬ್ಲ್ಯು, ಅಂದರೆ ಫೈನ್ ಲೆವಿ ವಾರಂಟ್, ಎನ್ನುತ್ತಾರೆ. ಆಮೇಲೂ ಕಟ್ಟದಿದ್ದರೆ ಒಂದು ತಿಂಗಳವರೆಗೆ, ಅಥವಾ ಅದಕ್ಕೂ ಮೊದಲು ಹಣ ಕಟ್ಟುವವರೆಗೆ, ಜೈಲು. "ಒಳಗೆ ಹೋಗಿ ಬಂದರೆ ಬಾಕಿ ತೀರಿತು" ಎಂದು ನಂಬಿದವರಿದ್ದಾರೆ. ತೀರುವುದಿಲ್ಲ. 1989ರಲ್ಲೇ ಕುಲದೀಪ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟ ಮಾಡಿದೆ. ಜೈಲು ಇರುವುದು ವಸೂಲಿಗಾಗಿ, ಹಣದ ಬದಲಿಗಲ್ಲ. ಆದರೆ ಕಾನೂನಿನಲ್ಲಿ ಇನ್ನೊಂದು ಮಾತೂ ಇದೆ: ಸಾಕಷ್ಟು ಕಾರಣವಿಲ್ಲದೆ ಕಟ್ಟದವರಿಗೆ ಈ ಶಿಕ್ಷೆ. ಮೊದಲೇ ಅರ್ಜಿ ಹಾಕಿ, ಕೈಲಾದಷ್ಟು ಕಳಿಸುತ್ತಿದ್ದವರಿಗೆ ಆಗ ಹೇಳಿಕೊಳ್ಳಲು ಏನಾದರೂ ಇರುತ್ತದೆ.

ಹೊಸ ಕೆಲಸ ಸಿಕ್ಕಿದ ಮೇಲೂ ಹಳೇ ಬಾಕಿ ಹಿಂದೆ ಬರುತ್ತದೆ. ಸಾಮಾನ್ಯ ಸಾಲಕ್ಕಿಂತ ಜೀವನಾಂಶದ ಡಿಕ್ರಿಗೆ ಬಿಗಿ ಜಾಸ್ತಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 60ರ ಪ್ರಕಾರ ಅಲ್ಲಿ ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ ರಕ್ಷಣೆ. ಉಳಿದ ಎರಡು ಭಾಗ ಜಪ್ತಿಗೆ ಸಿಗುತ್ತದೆ. ಹೊಸ ಆಫೀಸಿಗೆ ಸೇರಿದ ಎರಡನೇ ತಿಂಗಳೇ ಎಚ್‌ಆರ್ ಕರೆದು ಕೋರ್ಟಿನ ಪತ್ರ ತೋರಿಸಿದರೆ ಹೇಗಿರುತ್ತದೆ ಯೋಚಿಸಿ.

ಇನ್ನು ಮಗು ಇಟ್ಟುಕೊಂಡಿರುವವರ ಕಡೆಗೆ ಬರುತ್ತೇನೆ. ಹೆಚ್ಚಾಗಿ ಅಮ್ಮಂದಿರು. ಮುಂದಿನ ಸಾಲಿನಲ್ಲಿ ಕೂತಿರುವ ಕೆಲವರ ಮುಖ ಇಷ್ಟು ಹೊತ್ತೂ ಗಂಟಿಕ್ಕಿಕೊಂಡೇ ಇದೆ. ನ್ಯಾಯವೇ. ಅಪ್ಪನ ಕೆಲಸ ಹೋಯಿತೆಂದು ಶಾಲೆಯವರು ಫೀಸ್ ಬಿಡುವುದಿಲ್ಲ. ಏಪ್ರಿಲ್ ಮೇನಲ್ಲಿ ಮೊದಲ ಕಂತು, ಪುಸ್ತಕ, ಯೂನಿಫಾರ್ಮು, ವ್ಯಾನು ಎಲ್ಲ ಒಟ್ಟಿಗೇ ಬಂದು ಕೂರುತ್ತವೆ. ನಿಮಗೆ ನಾನು ಹೇಳುವುದು: ವಸೂಲಿ ಅರ್ಜಿಯನ್ನು ತಡ ಮಾಡಬೇಡಿ. ವಾರಂಟ್ ಬೇಕಿದ್ದರೆ ಹಣ ಕೊಡಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ಕೇಳಬೇಕು. "ಇವತ್ತಲ್ಲ ನಾಳೆ ಕೊಡ್ತಾರೆ" ಎಂದು ಕಾದು ಆ ಗಡುವು ಮೀರಿಸಿಕೊಂಡವರು ಎಷ್ಟೋ ಜನ.

ಜೊತೆಗೆ ನಿಜವಾಗಿ ಕೆಲಸ ಹೋದ ಮನುಷ್ಯನಿಂದ ಪೂರ್ತಿ ಮೊತ್ತಕ್ಕೇ ಪಟ್ಟು ಹಿಡಿದರೆ ಸಿಗುವುದು ಬರೀ ಕಾಗದದ ಮೇಲಿನ ಬಾಕಿ. ತಿಂಗಳು ತಿಂಗಳು ತಪ್ಪದೆ ಬರುವ ಎಂಟು ಸಾವಿರ, ಬಾರದ ಇಪ್ಪತ್ತು ಸಾವಿರಕ್ಕಿಂತ ಮನೆ ನಡೆಸಲು ಒಳ್ಳೆಯದು. ಇದು ಕಾನೂನಲ್ಲ, ನನ್ನ ಅನುಭವದ ಮಾತು. ಇಳಿಕೆಗೆ ಒಪ್ಪುವುದಾದರೆ ಷರತ್ತು ಹಾಕಿ ಒಪ್ಪಿ. ಕೆಲಸ ಸಿಗುವವರೆಗೆ ಮಾತ್ರ, ಅಥವಾ ಇಂಥ ತಿಂಗಳವರೆಗೆ ಮಾತ್ರ. ಹೊಸ ಕೆಲಸ ಸಿಕ್ಕಿದ ಕೂಡಲೇ ಆಫರ್ ಲೆಟರಿನ ಪ್ರತಿ ಕೊಡಬೇಕು. ಆರೋಗ್ಯ ವಿಮೆಯ ಕಂಪನಿ ಕಾರ್ಡು ಕೆಲಸದ ಜೊತೆಗೇ ಹೋಗಿರುತ್ತದೆ, ಮಗುವಿಗೆ ಬೇರೆ ಪಾಲಿಸಿ ಯಾರು ಮಾಡಿಸುತ್ತಾರೆ ಎಂಬುದನ್ನೂ ಬರೆಸಿ. ಇದನ್ನು ಎಲ್ಲರೂ ಮರೆಯುತ್ತಾರೆ.

ಇದೆಲ್ಲ ವಾಟ್ಸಾಪಿನಲ್ಲಿ "ಓಕೆ" ಎಂದು ಮುಗಿಯುವ ವಿಷಯವಲ್ಲ. ನ್ಯಾಯದೇಗುಲದಲ್ಲೇ ಮಧ್ಯಸ್ಥಿಕೆ ಕೇಂದ್ರವಿದೆ. ಅಲ್ಲಿ ಕೂತು ಮಾತಾಡಿ, ಒಪ್ಪಂದ ಬರೆದು, ಅದನ್ನು ಕೋರ್ಟಿನ ಮುಂದೆ ಇಟ್ಟು ಆದೇಶ ಮಾಡಿಸಿಕೊಳ್ಳಿ. ಆಗ ಇಬ್ಬರಿಗೂ ಭದ್ರ. ಅಪ್ಪ ಅಮ್ಮ ಇಬ್ಬರೂ ಸೇರಿ "ಮಗುವಿಗೆ ಇನ್ನು ಏನೂ ಬೇಡ" ಎಂದು ಬರೆದುಕೊಂಡರೂ ಮಗುವಿನ ಹಕ್ಕು ಹೋಗುವುದಿಲ್ಲ. ಅದು ನಿಮ್ಮಿಬ್ಬರ ಆಸ್ತಿಯಲ್ಲ.

ಇನ್ನೊಂದು ಮಾತು, ಎರಡೂ ಕಡೆಗೆ. ದುಡ್ಡು ಬೇರೆ, ಭೇಟಿ ಬೇರೆ. "ದುಡ್ಡು ಹಾಕಿಲ್ಲ, ಈ ಭಾನುವಾರ ಮಗೂನ ಕಳ್ಸಲ್ಲ." "ಮಗೂನ ತೋರ್ಸಲ್ಲ, ದುಡ್ಡು ಹಾಕಲ್ಲ." ಈ ಎರಡು ಸಾಲು ನನ್ನ ಫೋನಿನಲ್ಲಿ ಬಂದಷ್ಟು ಬೇರಾವುದೂ ಬಂದಿಲ್ಲ. ಎರಡಕ್ಕೂ ಬೇರೆ ಬೇರೆ ಆದೇಶ, ಬೇರೆ ಬೇರೆ ಅರ್ಜಿ. ಒಂದನ್ನು ಮುರಿದದ್ದಕ್ಕೆ ಇನ್ನೊಂದನ್ನು ಮುರಿದವರು ಕೋರ್ಟಿನಲ್ಲಿ ಸೋಲುತ್ತಾರೆ. ಕೆಲಸ ಹೋದ ಅಪ್ಪನಿಗೆ ಕೈಯಲ್ಲಿ ಹೊತ್ತು ಜಾಸ್ತಿ ಇರುತ್ತದೆ. ಶಾಲೆಯಿಂದ ಕರೆತರುವುದು, ಹೋಂವರ್ಕ್ ಮಾಡಿಸುವುದು ಆ ತಿಂಗಳುಗಳಲ್ಲಿ ಆಗಬಹುದು. ಅದು ಹಣದ ಲೆಕ್ಕಕ್ಕೆ ಬರುವುದಿಲ್ಲ, ಆದರೂ ಮಾಡಿ.

ಅಮ್ಮನೂ ದುಡಿಯುತ್ತಿದ್ದರೆ? ಮಕ್ಕಳನ್ನು ಸಾಕುವ ಹೊಣೆ ತಂದೆ ತಾಯಿ ಇಬ್ಬರದ್ದೂ ಎಂದು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯೇ ಹೇಳುತ್ತದೆ. ಶಿಕ್ಷಣದ ಖರ್ಚು ಸಾಮಾನ್ಯವಾಗಿ ತಂದೆಯದು, ತಾಯಿಗೂ ಸಾಕಷ್ಟು ವರಮಾನವಿದ್ದರೆ ಇಬ್ಬರೂ ವರಮಾನಕ್ಕೆ ತಕ್ಕಂತೆ ಹಂಚಿಕೊಳ್ಳಬಹುದು ಎಂದು ರಜನೇಶ್ ತೀರ್ಪಿನಲ್ಲಿದೆ. ಇಳಿಕೆ ಅರ್ಜಿಯಲ್ಲಿ ಇದನ್ನು ಕೇಳಬಹುದು. "ಅವಳು ದುಡೀತಾಳೆ, ನಂದೇನೂ ಇಲ್ಲ" ಎಂದು ಮಾತ್ರ ಬರೆಸಬೇಡಿ.

ಈಗ ಪ್ರಶ್ನೆಗಳು.

ಒಬ್ಬ ತಾಯಿ: "ಅವರು ಸ್ಕೂಲಿಗೆ ನೇರವಾಗಿ ಫೀಸ್ ಕಟ್ಟಿ, ಸೈಕಲ್ ಕೊಡ್ಸಿ, ಎಲ್ಲಾನೂ ಜೀವನಾಂಶದಲ್ಲಿ ಕಳೀತೀನಿ ಅಂತಾರೆ. ಸರೀನಾ?"

ಸೈಕಲ್ ಉಡುಗೊರೆ. ಅದು ಲೆಕ್ಕಕ್ಕಿಲ್ಲ. ಫೀಸಿನ ವಿಷಯಕ್ಕೆ ಆದೇಶವನ್ನೇ ಓದಬೇಕು. ಹಣ ನಿಮ್ಮ ಖಾತೆಗೆ ಎಂದಿದ್ದರೆ, ಅವರು ತಾವಾಗಿ ಶಾಲೆಗೆ ಕಟ್ಟಿದ್ದನ್ನು ಕಳೆಯಲು ನಿಮ್ಮ ಒಪ್ಪಿಗೆ ಅಥವಾ ಕೋರ್ಟಿನ ಅನುಮತಿ ಬೇಕು. ನಿಮಗೂ ಅದೇ ಅನುಕೂಲ ಎನಿಸಿದರೆ ಇಬ್ಬರೂ ಸೇರಿ ಒಂದು ಮೆಮೊ ಹಾಕಿ ಆದೇಶದಲ್ಲೇ ಸೇರಿಸಿಕೊಳ್ಳಿ.

ಕ್ಯಾಬ್ ಓಡಿಸುವ ಒಬ್ಬರು: "ನಮ್ಗೆ ಸಂಬಳ ಚೀಟಿನೇ ಇಲ್ಲ ಮೇಡಂ. ಆದಾಯ ಅರ್ಧ ಆಗಿದೆ ಅಂತ ಹೆಂಗ್ ತೋರ್ಸೋದು?"

ಆ್ಯಪಿನಲ್ಲಿ ವಾರದ ಗಳಿಕೆಯ ಪಟ್ಟಿ ಇರುತ್ತದೆ, ಹಿಂದಿನ ವರ್ಷದ್ದೂ ಈ ವರ್ಷದ್ದೂ ತೆಗೆಯಿರಿ. ಗ್ಯಾಸ್ ಅಥವಾ ಡೀಸೆಲ್ ಬಿಲ್ಲು, ಗಾಡಿ ಸಾಲದ ಕಂತು, ಗ್ಯಾರೇಜಿನ ರಸೀದಿ ಇಡಿ. ಗಾಡಿ ಸಾಲ ದುಡಿಮೆಯ ಖರ್ಚು, ಮನೆ ಸಾಲದ ಹಾಗಲ್ಲ ಎಂದು ವಾದಿಸಲು ಜಾಗವಿದೆ. ಪೀಣ್ಯದಲ್ಲಿ ದಿನಗೂಲಿಗೆ ಲೇತ್ ಓಡಿಸುವವರು ಮಾಲೀಕರಿಂದ ಒಂದು ಪತ್ರ ಬರೆಸಿಕೊಂಡು ಬಂದದ್ದೂ ಉಂಟು. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕಾನೂನು ನೆರವು ಕೇಳಿ, ನಂಬರ್ 15100. ಹೆಂಗಸರಿಗೆ, ಮಕ್ಕಳಿಗೆ ವರಮಾನ ಎಷ್ಟೇ ಇದ್ದರೂ ಉಚಿತ. ಗಂಡಸರಿಗೆ ಸಾಮಾನ್ಯವಾಗಿ ವರಮಾನದ ಮಿತಿ ನೋಡುತ್ತಾರೆ. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ನ್ಯಾಯದೇಗುಲದಲ್ಲೇ ಇದೆ.

ಹಿಂದಿನ ಸಾಲಿನ ಒಬ್ಬ ಹಿರಿಯರು: "ಮಗನ ಕೆಲ್ಸ ಹೋಗಿ ಸುಮಾರು ದಿನ ಆಯ್ತಮ್ಮ. ಮೊಮ್ಮಗಳ ಜೀವನಾಂಶ ನನ್ನ ಪೆನ್ಷನ್ನಿಂದ ಹಿಡೀತಾರಾ?"

ಹಿಡಿಯುವುದಿಲ್ಲ ಸರ್. ಆದೇಶ ನಿಮ್ಮ ಮಗನ ಮೇಲಿದೆ, ನಿಮ್ಮ ಮೇಲಲ್ಲ. ನೀವಾಗಿ ಸಹಾಯ ಮಾಡಬೇಕೆನಿಸಿದರೆ ಸೊಸೆಯ ಕೈಗೆ ನಗದು ಕೊಡಬೇಡಿ. ಆಮೇಲೆ ಅದು ಜೀವನಾಂಶವೋ ತಾತ ಕೊಟ್ಟ ಹಬ್ಬದ ದುಡ್ಡೋ ಎಂಬ ಜಗಳ ಬೇಡ. ಮಗನ ಖಾತೆಗೆ ಹಾಕಿ, ಅವನ ಖಾತೆಯಿಂದ ಹೋಗಲಿ, ಷರಾದಲ್ಲಿ ತಿಂಗಳ ಹೆಸರು ಬರೆಯಲಿ. ಮತ್ತೆ ನೀವು ಮಗನಿಗೆ ಕೊಟ್ಟದ್ದು ಸಾಲ ಎಂದು ಅವನ ಅಫಿಡವಿಟ್ಟಿನಲ್ಲೂ ಬರಲಿ, ಇಲ್ಲದಿದ್ದರೆ ಅದನ್ನೇ ಅವನ ವರಮಾನ ಎನ್ನುತ್ತಾರೆ. ಅರ್ಜಿ ಹಾಕಿದ್ದಾನಾ? ಇಲ್ವಾ? ಹಾಗಾದರೆ ನಾಳೆ ಸೋಮವಾರ, ಅವನನ್ನು ಹೊರಡಿಸಿ. ಕಂಪನಿಯ ಪತ್ರ, ಹಳೇ ಆದೇಶದ ಪ್ರತಿ, ಒಂದು ವರ್ಷದ ಸ್ಟೇಟ್‌ಮೆಂಟ್ ಕೈಯಲ್ಲಿರಲಿ.